ಬೆಣ್ಣೆ ಕಾಯಿಸಿದರೆ ತುಪ್ಪಳ

ಹೋದ ಮಾಘದಲ್ಲಿ ನಂಜನಗೂಡಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಧಾರೆ ಮುಗಿದಿತ್ತು, ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಗಸು, ಗುರುತಿಲ್ಲದವರು, ಗಂಡಿನ ಕಡೆಯವರಿರಬೇಕು, ನನ್ನ ಭುಜಕ್ಕೆ ಕೈ ಚಾಚಿ ಕಡುನೀಲಿ ರೇಷ್ಮೆಸೀರೆಯಿಂದ ಒಂದು ಕೂದಲನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. ನನಗೆ ಮುಖ ಮುಚ್ಚಿಕೊಳ್ಳುವ ಹಾಗಾಯಿತು. ಅವರು ಮಾತ್ರ ಅಕ್ಕಸಾಲಿಗ ಚಿನ್ನದ ಎಳೆ ನೋಡುವಷ್ಟು ಶ್ರದ್ಧೆಯಿಂದ ನೋಡಿ, "ಲ್ಯಾಬ್ರಡಾರಾ, ಗೋಲ್ಡನ್ನಾ?" ಎಂದರು. "ಗೋಲ್ಡನ್" ಎಂದೆ. "ನಮ್ಮನೇಲೂ ಒಂದಿದೆ ನೋಡಿ" ಎಂದು ತಮ್ಮ ಸೆರಗು ತಿರುವಿ ತೋರಿಸಿದರು. ಅಲ್ಲಿಂದ ಎಲೆಗೆ ಉಪ್ಪು ಬೀಳುವವರೆಗೂ ನಾವಿಬ್ಬರೂ ಮಾತಾಡಿದ್ದು ವ್ಯಾಕ್ಯೂಮ್ ಕ್ಲೀನರ್ ವಿಷಯ. ಆ ಮದುವೆಯ ಹುಡುಗಿ ಯಾವ ಬಣ್ಣದ ಸೀರೆ ಉಟ್ಟಿದ್ದಳು ಎಂದು ಕೇಳಿದರೆ ಈಗಲೂ ಹೇಳಲಾರೆ.

ಬೆಣ್ಣೆ ನಮ್ಮ ನಾಯಿಯ ಹೆಸರು. ನಮ್ಮ ನಾಯಿ ಎಂದರೆ ನಮ್ಮ ಮಗಳ ನಾಯಿ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಮರಿ ತಂದುಕೊಂಡಳು. ಮರುವರ್ಷವೇ ಕಂಪನಿಯವರು ನೆದರ್ಲೆಂಡ್ಸಿಗೆ ಕಳಿಸಿದರು. "ಆರೇ ತಿಂಗಳು ಅಮ್ಮ, ಅಲ್ಲಿ ಮನೆ ಸಿಕ್ಕಿದ ಮೇಲೆ ಕರ್ಕೊಂಡು ಹೋಗ್ತೀನಿ" ಎಂದು ಒಂದು ಭಾನುವಾರ ಮೈಸೂರಿಗೆ ಬಂದು ನಾಯಿಯನ್ನು ಇಳಿಸಿ, ಅದರ ಕತ್ತು ತಬ್ಬಿಕೊಂಡು ಅತ್ತು (ನಮ್ಮ ಕತ್ತು ಅಲ್ಲೇ ಪಕ್ಕದಲ್ಲಿತ್ತು), ಹೊರಟುಹೋದಳು. ನಾಲ್ಕು ವರ್ಷವಾಯಿತು. ಬೆಳಿಗ್ಗೆ ಆರು ಗಂಟೆಗೆ ಕುವೆಂಪುನಗರ, ಸರಸ್ವತೀಪುರದ ಕಡೆ ಒಂದು ಸುತ್ತು ಬನ್ನಿ. ಮಂಕಿಕ್ಯಾಪು ಹಾಕಿದ ಅಜ್ಜಂದಿರ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ವಿಲಾಯಿತಿ ನಾಯಿ, ನಾಯಿಯ ಯಜಮಾನರು ಸಿಯಾಟಲ್ಲಿನಲ್ಲೋ ಮೆಲ್ಬರ್ನಿನಲ್ಲೋ. ಯಾರು ಯಾರನ್ನು ಎಳೆದುಕೊಂಡು ಹೋಗುತ್ತಿದ್ದಾರೆಂಬುದನ್ನು ನೀವೇ ನೋಡಿ ತೀರ್ಮಾನಿಸಬೇಕು.

"ಬೆಣ್ಣೆ ಕಾಯಿಸಿದರೆ ತುಪ್ಪ ಆಗತ್ತೆ, ಈ ಬೆಣ್ಣೇನ ಕಾಯ್ತಾ ಕೂತ್ರೆ ತುಪ್ಪಳ ಆಗತ್ತೆ" ಎಂದು ನಮ್ಮ ಯಜಮಾನರು ಮೊದಲ ವಾರವೇ ಹೇಳಿದರು. ಲೆಕ್ಕಪತ್ರ ಇಲಾಖೆಯಲ್ಲಿ ಮೂವತ್ತೈದು ವರ್ಷ ಕೂಡಿಸಿ ಕಳೆದವರ ಬಾಯಲ್ಲಿ ಅಂಥ ಮಾತು ಬಂದದ್ದು ಅದೇ ಮೊದಲು. ಆದ್ದರಿಂದ ವರ್ಷಕ್ಕೆ ನಾಲ್ಕಾರು ಸಲ, ಬಂದವರ ಮುಂದೆಲ್ಲ, ಅದನ್ನೇ ಹೇಳುತ್ತಾರೆ. ನಾನು ಪ್ರತಿಸಲವೂ ಹೊಸದಾಗಿ ಕೇಳಿದವಳ ಹಾಗೆ ನಗುತ್ತೇನೆ.

ಮಾತು ಹಳತಾದರೂ ತುಪ್ಪಳ ದಿನವೂ ಹೊಸದು. ಈ ಜಾತಿಯ ನಾಯಿಗೆ ಎರಡು ಅಂಗಿ. ಹೊರಗೆ ಉದ್ದವಾದ, ನೀರು ಜಾರುವ ಕೂದಲು. ಒಳಗೆ ಹಿಂಜಿದ ಹತ್ತಿಯಂಥ ಮೆತ್ತನೆಯ ತುಪ್ಪಳ. 19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಚಳಿಯಲ್ಲಿ, ಗುಂಡು ತಗುಲಿ ನೀರಿಗೆ ಬಿದ್ದ ಹಕ್ಕಿಯನ್ನು ಈಜಿ ಹೋಗಿ ಕಚ್ಚಿ ತರಲೆಂದು ಬೆಳೆಸಿದ ತಳಿ. ಅದಕ್ಕೆ ಎರಡಂಗಿ ನ್ಯಾಯವೇ. ಆದರೆ ನಮ್ಮ ಮನೆಯಲ್ಲಿ ಅದು ಕಚ್ಚಿ ತರುವುದು ಯಜಮಾನರ ಎಡಗಾಲಿನ ಚಪ್ಪಲಿಯನ್ನು, ಮೈಸೂರಿನ ಚಳಿ ಎಂದರೆ ಡಿಸೆಂಬರಿನ ನಾಲ್ಕು ಬೆಳಗು. ನಾಯಿ ಕೂದಲು ಉದುರಿಸುವುದಕ್ಕೆ ಹಗಲಿನ ಉದ್ದವೇ ಮುಖ್ಯ ಸೂಚನೆಯಂತೆ. ಸ್ಕಾಟ್ಲೆಂಡಿನಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಹಗಲಿನಲ್ಲಿ ಹತ್ತು ಗಂಟೆಗೂ ಹೆಚ್ಚಿನ ವ್ಯತ್ಯಾಸ. ಇಲ್ಲಿ ಒಂದೂವರೆ ಗಂಟೆ. ಅದರ ಮೇಲೆ ರಾತ್ರಿ ಹನ್ನೊಂದರವರೆಗೆ ನಾವು ಹಾಕುವ ಟ್ಯೂಬ್‌ಲೈಟು. ಪಾಪ, ಯಾವ ಋತು ಎಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಎಲ್ಲ ಋತುವಿನಲ್ಲೂ ಸ್ವಲ್ಪ ಸ್ವಲ್ಪ ಉದುರಿಸುತ್ತದೆ. ಸ್ವಲ್ಪ ಎಂಬುದು ನಾಯಿಯ ಲೆಕ್ಕ.

ಬೆಣ್ಣೆ ಸಾಲದೆಂದು ಒಂದು ಮಳೆಗಾಲದ ರಾತ್ರಿ ಕಾಂಪೌಂಡು ಹಾರಿ ಒಂದು ಕರಿ ಬೆಕ್ಕು ತಾನಾಗಿಯೇ ಬಂದು ಸೇರಿತು. ಅದಕ್ಕೆ ಮಸಿ ಎಂದು ಹೆಸರಿಟ್ಟೆವು. ಈಗ ನಮ್ಮ ಮನೆಯಲ್ಲಿ ಬಟ್ಟೆ ಉಡುವುದಕ್ಕೆ ಒಂದು ಕಷ್ಟ ಬಂದಿದೆ. ಕಪ್ಪು, ನೀಲಿ ಉಟ್ಟರೆ ಬೆಣ್ಣೆ ಕಾಣುತ್ತಾನೆ. ಬಿಳಿ, ಕೆನೆಬಣ್ಣ ಉಟ್ಟರೆ ಮಸಿ ಕಾಣುತ್ತಾಳೆ. ಎರಡೂ ಕೂತು ಮಾತಾಡಿಕೊಂಡು ಬಣ್ಣ ಹಂಚಿಕೊಂಡ ಹಾಗಿದೆ.

ನಾವು ಹಳೆಯ ಮನೆಯವರು. ನಡುಮನೆಯಲ್ಲಿ ರೆಡ್ ಆಕ್ಸೈಡ್ ನೆಲ, ಎರಡು ತಲೆಮಾರಿನ ಕಾಲು ಉಜ್ಜಿ ಕನ್ನಡಿಯಾಗಿರುವಂಥದು. ರತ್ನಗಂಬಳಿಗಳೇನೂ ಇಲ್ಲ. ಅಂಥ ನೆಲಕ್ಕೆ ಪೊರಕೆ ಸಾಲದೆ ಎಂದು ನೀವು ಕೇಳಬಹುದು, ನಾನೂ ಕೇಳಿಕೊಂಡಿದ್ದೆ. ಉತ್ತರ ಕೊಟ್ಟವಳು ನಮ್ಮ ಮನೆಗೆಲಸದಾಕೆ. "ಟೀಚರಮ್ಮಾ, ಮಣ್ಣಾದ್ರೆ ಗುಡಿಸಿದ ಕಡೆ ಹೋಯ್ತದೆ. ಈ ಕೂದ್ಲು ಹಂಗಲ್ಲ ಕಣ್ರಮ್ಮ. ಪೊರಕೆ ಕಂಡೇಟ್ಗೆ ಎದ್ದು ಹೋಯ್ತದೆ, ನಾನು ಆ ಕಡಿಕ್ಕೆ ತಿರುಗಿದೇಟ್ಗೆ ಬಂದು ಕುಂತ್ಕತದೆ." ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದ ನನಗಿಂತ ಅವಳು ಚೆನ್ನಾಗಿ ಹೇಳಿದಳು. ಮಣ್ಣಿಗೆ ತೂಕ ಉಂಟು, ತುಪ್ಪಳಕ್ಕೆ ಅದಿಲ್ಲ. ಪೊರಕೆ ಬೀಸಿದ ಗಾಳಿಗೇ ತೇಲುತ್ತದೆ. ಶಿವರಾತ್ರಿಯ ಆಸುಪಾಸಿನ ಒಣಹವೆಯಲ್ಲಿ ಉಜ್ಜಾಟಕ್ಕೆ ವಿದ್ಯುದಂಶವೂ ಸೇರಿ, ಬಾಚಣಿಗೆಗೆ ಕಾಗದದ ಚೂರು ಅಂಟುವ ಎಂಟನೆಯ ಕ್ಲಾಸಿನ ಪ್ರಯೋಗ ಸೋಫಾದ ಮೇಲೆ, ಪರದೆಯ ಮೇಲೆ, ಟಿವಿಯ ಮೇಲೆ ನಿತ್ಯವೂ ನಡೆಯುತ್ತದೆ. ಪೊರಕೆ ಹಿಡಿಯಬೇಕಾದರೆ ಮೊದಲು ನೆಲಕ್ಕೆ ನೀರು ಚಿಮುಕಿಸಬೇಕು. ಹಾಗೆ ಚಿಮುಕಿಸಿದರೆ ಕೂದಲೆಲ್ಲ ಪೊರಕೆಗೆ ಸುತ್ತಿಕೊಂಡು, ಪೊರಕೆಯೇ ಒಂದು ಸಣ್ಣ ನಾಯಿಯ ಹಾಗೆ ಕಾಣತೊಡಗುತ್ತದೆ.

ಅಟ್ಟದ ಮೇಲೆ ಒಂದು ವ್ಯಾಕ್ಯೂಮ್ ಕ್ಲೀನರ್ ಇತ್ತು. ಇರದೆ ಏನು! ನಮ್ಮ ಕಾಲದ ಯಾವ ಮಧ್ಯಮವರ್ಗದ ಮನೆಯ ಅಟ್ಟ ಹತ್ತಿದರೂ ಮೂರು ವಸ್ತು ಸಿಗುತ್ತವೆ: ಮಗುವಿನ ತೊಟ್ಟಿಲು, ಗೊಂಬೆಗಳ ಟ್ರಂಕು, ಸೊಂಡಿಲು ಸುತ್ತಿಕೊಂಡು ಮಲಗಿದ ವ್ಯಾಕ್ಯೂಮ್ ಕ್ಲೀನರ್. 1982ರಲ್ಲಿ ಯುರೇಕಾ ಫೋರ್ಬ್ಸ್ ಶುರುವಾದ ಮೇಲೆ ಇದನ್ನು ಮನೆಬಾಗಿಲಿಗೇ ಹೊತ್ತು ತರುವ ಕಾಲ ಬಂತು. ನಮ್ಮ ಮನೆಗೆ ಬಂದ ಯಂತ್ರ ಯಾವ ಕಂಪನಿಯದೆಂಬುದು ಬೇಡ. ತಂದ ಹುಡುಗ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದ್ದಾನೆ. ಟೈ ಕಟ್ಟಿದ್ದ. ನಮ್ಮ ಹಾಸಿಗೆಯ ಮೇಲೆ ಯಂತ್ರ ಓಡಿಸಿ, ಒಂದು ಬಿಳಿ ಬಟ್ಟೆಯ ಮೇಲೆ ಬೂದಿಯಂಥ ಧೂಳನ್ನು ಸುರಿದು, "ಸಾರ್, ಇಷ್ಟು ದಿನ ತಾವು ಇದರ ಮೇಲೆ ಮಲಗ್ತಿದ್ರಿ" ಎಂದ. ನಮ್ಮ ಅತ್ತೆಯವರಿಗೆ ತಮ್ಮ ಸಂಸಾರದ ಮಾನವನ್ನೇ ಬೀದಿಗೆ ಸುರಿದಂತಾಯಿತು. ಕಂತಿನ ಮೇಲೆ ತೆಗೆದುಕೊಂಡೆವು. ಎರಡು ತಿಂಗಳು ಓಡಿತು. ಮೂರನೆಯ ತಿಂಗಳು ಅತ್ತೆಯವರು ನವರಾತ್ರಿಯ ರಂಗೋಲಿಯನ್ನು ಅದರಿಂದ ತೆಗೆಸಿದರು. ರಂಗೋಲಿ ಎಂದರೆ ನುಣ್ಣನೆ ಕಲ್ಲುಪುಡಿ. ಬಟ್ಟೆಯ ಚೀಲದ ಸಂದುಸಂದನ್ನೆಲ್ಲ ತುಂಬಿ ಕೂತಿತು. ಯಂತ್ರ ಏದುಸಿರು ಬಿಟ್ಟು, ಬಿಸಿಯಾಗಿ, ಅಟ್ಟ ಹತ್ತಿತು. ಬೆಣ್ಣೆ ಬಂದ ಮೇಲೆ ಇಳಿಸಿ ನೋಡಿದೆವು. ಸದ್ದು ಹಾಗೇ ಇತ್ತು, ಉಳಿದದ್ದೇನೂ ಇರಲಿಲ್ಲ. ನಾಯಿ ಮಂಚದ ಕೆಳಗೆ ಸೇರಿದ್ದು ಮರುದಿನ ಚಪಾತಿ ತೋರಿಸಿದ ಮೇಲೆ ಹೊರಬಂತು.

ಇಲ್ಲೊಂದು ಪಾಠ ಮಾಡಿಬಿಡುತ್ತೇನೆ, ನಿವೃತ್ತಳಾದ ಮೇಲೆ ಕೇಳುವವರಿಲ್ಲ. ಈ ಯಂತ್ರ ಕಸವನ್ನು ಎಳೆಯುತ್ತದೆ ಎನ್ನುವುದು ಸುಳ್ಳು. ಎಳೆಯುವುದು ಎಂಬ ಕೆಲಸವೇ ಇಲ್ಲಿಲ್ಲ. ಒಳಗಿನ ಫ್ಯಾನು ಒಳಗಿನ ಗಾಳಿಯನ್ನು ಹಿಂದಕ್ಕೆ ಉಗಿಯುತ್ತದೆ, ಒಳಗೆ ಒತ್ತಡ ಕಡಿಮೆಯಾಗುತ್ತದೆ, ಹೊರಗಿನ ವಾತಾವರಣ ಆ ಕಡೆಗೆ ನುಗ್ಗುವಾಗ ದಾರಿಯಲ್ಲಿದ್ದ ಕಸವನ್ನೂ ತಳ್ಳಿಕೊಂಡು ಹೋಗುತ್ತದೆ. ವಾತಾವರಣದ ಒತ್ತಡ ಸುಮಾರು 1 ಲಕ್ಷ ಪ್ಯಾಸ್ಕಲ್. ಮನೆಬಳಕೆಯ ಒಳ್ಳೆಯ ಯಂತ್ರ ಅದರಲ್ಲಿ 20,000ದಷ್ಟನ್ನು ಇಳಿಸಿದರೆ ಹೆಚ್ಚು. ಅಂದರೆ ಐದರಲ್ಲಿ ಒಂದು ಪಾಲು. ಇದಕ್ಕೆ 'ನಿರ್ವಾತ' ಎಂಬ ಹೆಸರು, ಹದಿನೈದು ಎಲೆಯ ಗಿಡವಿರುವ ಬಡಾವಣೆಗೆ 'ನಂದನವನ' ಎಂದಂತೆ.

ಆದರೆ ಮೊದಲು ಇದನ್ನು ಹೊಳೆಸಿಕೊಂಡವನ ಮೇಲೆ ನನಗೆ ಬಲು ಪ್ರೀತಿ. ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಗ್ಲೆಂಡಿನ ಎಂಜಿನಿಯರ್. ಅವನ ಕಾಲಕ್ಕೆ ಗಾಳಿ ಊದಿ ಧೂಳು ಹಾರಿಸುವ ಯಂತ್ರವೊಂದಿತ್ತು. ಅದು ನಮ್ಮ ಪೊರಕೆಯಂತೆಯೇ, ಇಲ್ಲಿಂದ ಎಬ್ಬಿಸಿ ಅಲ್ಲಿ ಕೂರಿಸುವುದು. ಊದುವ ಬದಲು ಹೀರಿದರೆ ಏನಾಗುತ್ತದೆ ಎಂದು ನೋಡಲು ಬೂತ್ ಮಹಾಶಯ ಒಂದು ಹೋಟೆಲಿನಲ್ಲಿ ಮೆತ್ತನೆಯ ಕುರ್ಚಿಯ ಬೆನ್ನಿಗೆ ಬಾಯಿಟ್ಟು ಜೋರಾಗಿ ಉಸಿರೆಳೆದು, ಕೆಮ್ಮಿ ಕೆಮ್ಮಿ, ಸಿದ್ಧಾಂತ ಸರಿಯೆಂದು ಕಂಡುಕೊಂಡ. 1901ರಲ್ಲಿ ಅವನು ಮಾಡಿದ ಯಂತ್ರ ಕುದುರೆಗಾಡಿಯ ಮೇಲೆ ಬರುತ್ತಿತ್ತು. ಬೀದಿಯಲ್ಲಿ ನಿಂತು ಕಿಟಕಿಯೊಳಗೆ ಕೊಳವೆ ತೂರಿಸಿ ಮನೆಯ ಧೂಳು ಹೀರುತ್ತಿತ್ತು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಹಾಸುಗಂಬಳಿಗಳನ್ನು ಚೊಕ್ಕಟ ಮಾಡಿದ್ದು ಅದೇ. ಇನ್ನೊಬ್ಬ ಅಮೆರಿಕದ ಒಹಾಯೊದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅವನು ಅಂಗಡಿಯೊಂದರ ಕಸ ಗುಡಿಸುವ ಜವಾನ, ಅದರ ಮೇಲೆ ಉಬ್ಬಸದ ರೋಗಿ. ಗುಡಿಸಿದಷ್ಟೂ ಕೆಮ್ಮು. 1907ರಲ್ಲಿ ಅವನು ಒಂದು ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಗವಸು ಇಷ್ಟನ್ನು ಕಟ್ಟಿ ತನ್ನ ಪ್ರಾಣ ಉಳಿಸಿಕೊಳ್ಳುವ ಸಾಧನ ಮಾಡಿಕೊಂಡ. ಮುಂದೆ ಆ ಹಕ್ಕನ್ನು ಕೊಂಡವನು ಹೂವರ್ ಎಂಬ, ಕುದುರೆಯ ಜೀನು ಲಗಾಮು ಹೊಲಿಸುತ್ತಿದ್ದ ವ್ಯಾಪಾರಿ. ಕಾರು ಬಂದು ಕುದುರೆ ಹೋಗುವ ಹೊತ್ತು, ಅವನಿಗೂ ಬೇರೆ ಕಸುಬು ಬೇಕಿತ್ತು. ಸ್ಪ್ಯಾಂಗ್ಲರನ ಯಂತ್ರದ ಮೂತಿಯಲ್ಲಿ ಒಂದು ತಿರುಗುವ ಬ್ರಷ್ಷೂ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಅಂಗಡಿಗೆ ಹೋಗೋಣ. ದೇವರಾಜ ಅರಸು ರಸ್ತೆಯ ಕಡೆ ನಾಲ್ಕು ಅಂಗಡಿ ಹತ್ತಿ ಇಳಿದೆವು. ಎಲ್ಲ ಕಡೆಯೂ ಒಂದೇ ಮಂತ್ರ: "ಮೇಡಂ, ಇದು ಸಾವಿರದ ಇನ್ನೂರು ವಾಟ್. ಇದು ಸಾವಿರದ ಆರ್ನೂರು. ಇದು ಎರಡು ಸಾವಿರ, ಫುಲ್ ಪವರ್." ವಾಟ್ ಎಂದರೆ ಅದು ತಿನ್ನುವ ಕರೆಂಟು, ಮಾಡುವ ಕೆಲಸವಲ್ಲ. ಹೆಚ್ಚು ಊಟ ಮಾಡುವವನೇ ಹೆಚ್ಚು ದುಡಿಯುವವನು ಎಂದರೆ ನಮ್ಮ ಮದುವೆಮನೆಗಳ ಎಷ್ಟೋ ಜನ ಮಹಾ ಕರ್ಮಯೋಗಿಗಳಾಗಬೇಕಿತ್ತು. ಯುರೋಪಿನ ಒಕ್ಕೂಟದವರು 2014ರಲ್ಲಿ 1,600 ವಾಟಿಗಿಂತ ಹೆಚ್ಚಿನ ವ್ಯಾಕ್ಯೂಮ್ ಕ್ಲೀನರ್ ಮಾರಬಾರದೆಂದರು. 2017ರಲ್ಲಿ 900ಕ್ಕೆ ಇಳಿಸಿದರು. ಅಲ್ಲಿಯವರ ಮನೆಗಳೇನೂ ಆಮೇಲೆ ಧೂಳಲ್ಲಿ ಹೂತುಹೋಗಲಿಲ್ಲ. ಇದನ್ನು ನಾನು ಅಂಗಡಿಯ ಹುಡುಗನಿಗೆ ವಿವರಿಸಿದೆ. ಅವನು ಪೂರ್ತಿ ಕೇಳಿ, "ಹಂಗಾದ್ರೆ ಆ ಎರಡು ಸಾವಿರದ್ದೇ ತಗೊಳ್ಳಿ ಮೇಡಂ, ಆಫರ್ ಇದೆ" ಎಂದ. ಯಜಮಾನರು ಆಗಲೇ ಹೊರಗೆ ಹೋಗಿ ಕಡಲೆಕಾಯಿ ಕೊಳ್ಳುತ್ತಿದ್ದರು.

ಕೊನೆಯ ಅಂಗಡಿಯಲ್ಲಿ ನಾನೊಂದು ಉಪಾಯ ಮಾಡಿದೆ. ಬ್ಯಾಗಿನಲ್ಲಿ ಬೆಣ್ಣೆಯ ಹಾಸಿಗೆಯ ಹಳೆಯ ಗವಸು ಇಟ್ಟುಕೊಂಡು ಹೋಗಿದ್ದೆ, ಒಗೆಯದ್ದು. ಅದನ್ನು ತೆಗೆದು ಕೌಂಟರಿನ ಮೇಲೆ ಹರಡಿದೆ. ಅಕ್ಕಪಕ್ಕದ ಗಿರಾಕಿಗಳು ಎರಡು ಹೆಜ್ಜೆ ಹಿಂದೆ ಸರಿದರು. "ಇದರ ಮೇಲೆ ಓಡಿಸಿ ತೋರಿಸಪ್ಪ" ಎಂದೆ. ಎರಡು ಸಾವಿರದ ಮಹಾರಥಿ ಬಂತು, ಬಟ್ಟೆಯನ್ನೇ ಬಾಯಿಗೆ ಕಚ್ಚಿಕೊಂಡು ಗೋಳಾಡಿತು. ಬಿಡಿಸಿ ನೋಡಿದರೆ ಕೂದಲು ಇದ್ದಲ್ಲೇ ಇದೆ. ಅದರ ಅರ್ಧದಷ್ಟು ವಾಟಿನ ಇನ್ನೊಂದು ಬಂತು, ಮೂತಿಯಲ್ಲಿ ಗಿರಗಿರ ತಿರುಗುವ ಉರುಳೆ ಇತ್ತು. ಎರಡೇ ಸಲಕ್ಕೆ ಗವಸಿನ ಹೂವುಗಳು ಕಂಡವು. ಅದರಲ್ಲಿ ಹೂವುಗಳಿದ್ದವು ಎಂಬುದೇ ನನಗೆ ಮರೆತುಹೋಗಿತ್ತು.

ಗುಟ್ಟು ಇಷ್ಟೇ. ನೆಲದ ಮೇಲಿನ ತುಪ್ಪಳಕ್ಕೆ ಗಾಳಿ ಸಾಕು, ಅದು ಹೊರಟು ನಿಂತ ಪ್ರಯಾಣಿಕ. ಬಟ್ಟೆಯೊಳಗೆ ಹೊಕ್ಕ ಕೂದಲು ಹಾಗಲ್ಲ, ಅದು ಹಳೆಯ ಬಾಡಿಗೆದಾರ. ಕೂದಲಿನ ಮೈಮೇಲೆ ಮೀನಿನ ಪೊರೆಯಂಥ ಸಣ್ಣ ಸಣ್ಣ ಹೊಪ್ಪಳಿಕೆಗಳಿರುತ್ತವೆ. ನೇಯ್ಗೆಯ ನೂಲಿಗೆ ಸಿಕ್ಕಿಕೊಂಡರೆ ಗಾಳಿಗೆ ಜಗ್ಗುವುದಿಲ್ಲ. ಗಿಡ್ಡ ಕೂದಲಿನ ನಾಯಿ ಸಾಕಿದರೆ ಈ ರಗಳೆಯೇ ಇಲ್ಲ ಎನ್ನುವವರು ಸಾಕಿ ನೋಡಬೇಕು. ಗಿಡ್ಡ ಕೂದಲು ಬಟ್ಟೆಗೆ ಸೂಜಿಯ ಹಾಗೆ ಚುಚ್ಚಿಕೊಂಡು ನಿಲ್ಲುತ್ತದೆ. ಅದನ್ನು ಮೊದಲು ಕೆದಕಿ ಎಬ್ಬಿಸಬೇಕು, ಆಮೇಲೆ ಗಾಳಿಗೆ ಕೊಡಬೇಕು. ಎಬ್ಬಿಸುವ ಕೆಲಸ ಉರುಳೆಯದು. ಉಬ್ಬಸದ ಜವಾನ ನೂರು ವರ್ಷದ ಹಿಂದೆ ಅದನ್ನು ಮೂತಿಯಲ್ಲಿಟ್ಟದ್ದು ಸುಮ್ಮನೆ ಅಲ್ಲ. ಆದ್ದರಿಂದ ನಾಯಿ ಬೆಕ್ಕು ಸಾಕಿದವರು ಯಂತ್ರದ ಹೊಟ್ಟೆ ನೋಡಬೇಡಿ, ಮೂತಿ ನೋಡಿ. ಡಬ್ಬಿಯ ಮೇಲೆ ಏನೇ ಬರೆದಿರಲಿ, ತಲೆಕೆಳಗು ಮಾಡಿ ನೋಡಿ.

ಮೂತಿಗಳಲ್ಲೂ ಎರಡು ಕುಲ. ಒಂದಕ್ಕೆ ತನ್ನದೇ ಪುಟ್ಟ ಮೋಟಾರು. ಇನ್ನೊಂದು ಒಳಗೆ ನುಗ್ಗುವ ಗಾಳಿಯಿಂದಲೇ ತಿರುಗುವ ಟರ್ಬೊ. ಟರ್ಬೊ ಅಗ್ಗ, ಆದರೆ ಜೋರಾಗಿ ಒತ್ತಿ ಹಿಡಿದರೆ, ಚೀಲ ತುಂಬಿ ಗಾಳಿ ಕಮ್ಮಿಯಾದರೆ, ಮುನಿಸಿಕೊಂಡು ನಿಂತುಬಿಡುತ್ತದೆ. ಸೋಫಾಕ್ಕೆ, ಕಾರಿನ ಸೀಟಿಗೆ ಗೇಣುದ್ದದ ಸಣ್ಣ ಮೋಟಾರು ಮೂತಿಯೇ ಸರಿ. ಇದೊಂದು ಇಲ್ಲದೆ ಕೊಂಡರೆ ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ, ನಂಜನಗೂಡಿನ ಮದುವೆಯ ಹೆಂಗಸಿನದೂ ಅದೇ. ಉರುಳೆಗೆ ಬ್ರಷ್ಷಿನ ಕೂದಲಿದ್ದರೆ ಗಂಬಳಿಗೆ ಲೇಸು. ರಬ್ಬರಿನ ರೆಕ್ಕೆಗಳಿದ್ದರೆ ಸಿಕ್ಕು ಕಡಿಮೆ, ಒಪ್ಪದ ನೆಲಕ್ಕೆ ಗೀರೂ ಕಮ್ಮಿ. ನುಣುಪು ನೆಲದ ಮೇಲೆ ಒರಟು ಉರುಳೆ ತಿರುಗಿದರೆ ಕೂದಲನ್ನು ಹಿಂದಕ್ಕೆ, ನಮ್ಮ ಕಾಲಿನ ಮೇಲೇ ಎರಚುತ್ತದೆ. ಮೆತ್ತನೆಯ ಬಟ್ಟೆಯ ಉರುಳೆಯೊಂದು ಜೊತೆಗೆ ಸಿಕ್ಕಿದರೆ ಬಿಡಬೇಡಿ.

ಇನ್ನು ಸಿಕ್ಕಿನ ಮಾತು. ಕೊಂಡ ಮೊದಲ ತಿಂಗಳಿಗೇ ಉರುಳೆ ನಿಂತಿತು. ಯಜಮಾನರು ಅದನ್ನು ಬಿಚ್ಚಿ, ಕತ್ತರಿ ಹಿಡಿದು, ಪತ್ರಿಕೆ ಹಾಸಿ ಕೂತರು. ನಾಯಿಯದ್ದೇ ಕಿತಾಪತಿ ಎಂದು ಗದರಿಕೊಂಡು ಒಂದೊಂದೇ ಸುತ್ತು ಕತ್ತರಿಸಿದರೆ, ಒಳಗಿರುವುದೆಲ್ಲ ಗೇಣು ಗೇಣು ಉದ್ದದ ನರೆತ ಕೂದಲು, ನನ್ನದು. ನಾಯಿಯ ಕೂದಲಿಗೆ ಉರುಳೆಯನ್ನು ಸುತ್ತುವಷ್ಟು ಉದ್ದವಿಲ್ಲ, ಅದು ಹಾದುಹೋಗುತ್ತದೆ. ಸುತ್ತಿಕೊಂಡು ನಿಲ್ಲುವುದು ಮನುಷ್ಯರದ್ದು. ಅದರ ಮೇಲೆ ಬೇಕಾದರೆ ತುಪ್ಪಳ ಬಂದು ಕೂರುತ್ತದೆ. ಬೆಣ್ಣೆ ಪಕ್ಕದಲ್ಲೇ ಮಲಗಿ ಈ ವಿಚಾರಣೆಯನ್ನು ನೋಡುತ್ತಿತ್ತು. ಯಜಮಾನರು ಅದರ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಅಂದಿನಿಂದ ತಿಂಗಳ ಮೊದಲ ಭಾನುವಾರ ಉರುಳೆ ಬಿಚ್ಚುವ ಕೆಲಸ ಅವರದು.

ಕಸ ತುಂಬುವುದು ಚೀಲಕ್ಕೋ ಡಬ್ಬಿಗೋ ಎಂಬುದರ ಮೇಲೆ ನಮ್ಮಲ್ಲಿ ಎರಡು ದಿನ ವಾದ ನಡೆಯಿತು. ಡಬ್ಬಿಯ ಯಂತ್ರಗಳಿಗೆಲ್ಲ ಮೂಲಪುರುಷ ಜೇಮ್ಸ್ ಡೈಸನ್. ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಗಾಳಿಯನ್ನು ಸುಳಿ ತಿರುಗಿಸಿ ಹೊಟ್ಟು ಬೇರ್ಪಡಿಸುವುದನ್ನು ಕಂಡು, 5,127 ಮಾದರಿಗಳನ್ನು ಮಾಡಿ ಮಾಡಿ ಸರಿಪಡಿಸಿಕೊಂಡವನು. ಈ ಸಂಖ್ಯೆ ಕೇಳಿ ನಮ್ಮ ಯಜಮಾನರು ಡೈಸನ್ನನ ಬಗ್ಗೆ ಏನೂ ಹೇಳದೆ, "ಅವನ ಹೆಂಡತಿ ಏನಂದಳಂತೆ?" ಎಂದು ಕೇಳಿದರು. ಡಬ್ಬಿಗೆ ಮತ್ತೆ ಮತ್ತೆ ಖರ್ಚಿಲ್ಲ, ಬಗ್ಗಿಸಿ ಸುರಿದರಾಯಿತು. ಸುರಿಯುವಾಗ ಅರ್ಧ ಧೂಳು ಮತ್ತೆ ಮೂಗಿಗೆ. ಚೀಲ ದುಬಾರಿ, ಊರಿನಲ್ಲಿ ಸಿಗುವುದೂ ಕಷ್ಟ, ಆದರೆ ಬಾಯಿ ಮುಚ್ಚಿ ಎಸೆಯಬಹುದು. ಉಬ್ಬಸ, ಸೀನು ಇರುವ ಮನೆಗೆ ನಾನಾದರೆ ಚೀಲವನ್ನೇ ಹೇಳುತ್ತೇನೆ.

ಸೀನು ಎಂದೆನಲ್ಲ, ಅದರದ್ದೂ ಒಂದು ಕತೆ. ಮಸಿ ಬಂದ ಮೇಲೆ ಯಜಮಾನರಿಗೆ ಬೆಳಿಗ್ಗೆ ಎದ್ದರೆ ಹನ್ನೊಂದು ಸೀನು, ಲೆಕ್ಕ ಅವರದ್ದೇ. ಬೆಕ್ಕಿನ ಕೂದಲು ಆಗುವುದಿಲ್ಲ ಎಂದು ಲೋಕವೆಲ್ಲ ಹೇಳುತ್ತದೆ. ನಿಜವಾಗಿ ಆಗದಿರುವುದು ಫೆಲ್ ಡಿ 1 ಎಂಬ ಪ್ರೋಟೀನು. ಅದು ಬೆಕ್ಕಿನ ಎಂಜಲಿನಲ್ಲಿ, ಚರ್ಮದ ಎಣ್ಣೆಗ್ರಂಥಿಗಳಲ್ಲಿ ಇರುವಂಥದು. ಬೆಕ್ಕು ದಿನವಿಡೀ ಮೈ ನೆಕ್ಕಿಕೊಂಡು ಅದನ್ನು ಕೂದಲಿಗೆಲ್ಲ ಹಚ್ಚುತ್ತದೆ. ಒಣಗಿದ ಮೇಲೆ ಹೊಟ್ಟಿನ ಜೊತೆ ಹಾರುತ್ತದೆ. ಕಣ್ಣಿಗೆ ಕಾಣುವ ಕೂದಲನ್ನು ಹಿಡಿದು, ಕಾಣದ ಈ ಹುಡಿಯನ್ನು ಹಿಂದಿನ ಕಿಂಡಿಯಿಂದ ಉಗಿಯುವ ಯಂತ್ರವಿದ್ದರೆ, ಸುಮ್ಮನೆ ಕೂತ ಶತ್ರುವನ್ನು ಎಬ್ಬಿಸಿ ಕೋಣೆಯ ತುಂಬ ಓಡಾಡಿಸಿದಂತೆ. ಅದಕ್ಕೇ ಹೆಪಾ ಫಿಲ್ಟರು. 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97 ಪಾಲನ್ನು ಹಿಡಿಯಬೇಕೆಂಬುದು ಅದರ ಕಟ್ಟಳೆ. 'ಹೆಪಾ ತರಹದ್ದು' ಎಂದು ಬರೆದಿದ್ದರೆ ಅದು ಹಸುವಿನ ತರಹದ ತುಪ್ಪ. ಇನ್ನೂ ಒಂದು ಮಾತು: ಫಿಲ್ಟರು ತೊಳೆಯುವಂಥದ್ದಾದರೆ ತೊಳೆದ ಮೇಲೆ ಒಂದಿಡೀ ದಿನ ನೆರಳಲ್ಲಿ ಒಣಗಲಿ. ಹಸಿಯಲ್ಲೇ ಸಿಕ್ಕಿಸಿದರೆ ಮನೆಯೆಲ್ಲ ಒದ್ದೆ ನಾಯಿಯ ವಾಸನೆ. ನಾಯಿ ಒಣಗಿಯೇ ಇರುತ್ತದೆ, ಬೈಸಿಕೊಳ್ಳುವುದೂ ಅದೇ.

ವಯರಿನದೋ ಬ್ಯಾಟರಿಯದೋ? ನಮ್ಮ ಮನೆಯಲ್ಲಿ ಇದನ್ನು ತೀರ್ಮಾನಿಸಿದ್ದು 1978ರ ವೈರಿಂಗು. ಹದಿನೈದು ಆಂಪಿಯರಿನ ಪ್ಲಗ್ ಪಾಯಿಂಟು ಇರುವುದು ಒಂದು ಬಚ್ಚಲುಮನೆಯ ಹೊರಗೆ, ಇನ್ನೊಂದು ಅಡುಗೆಮನೆಯಲ್ಲಿ ಗ್ರೈಂಡರಿನ ಹಿಂದೆ. ವಯರಿನ ಯಂತ್ರ ನಡುಮನೆಗೆ ಬರಬೇಕಾದರೆ ಗ್ರೈಂಡರಿನ ಅಪ್ಪಣೆ ಬೇಕು. ಆದ್ದರಿಂದ ಬ್ಯಾಟರಿಯದ್ದೇ ಆಯಿತು. ಡಬ್ಬಿಯ ಮೇಲೆ ನಲವತ್ತು ನಿಮಿಷ ಓಡುತ್ತದೆಂದಿದೆ. ಅದು ಅತಿ ಮೆಲ್ಲಗಿನ ವೇಗದಲ್ಲಿ, ಉರುಳೆ ತಿರುಗಿಸದೆ. ಸೋಫಾದ ಬಾಡಿಗೆದಾರರನ್ನು ಬಿಡಿಸುವ ಜೋರಿನಲ್ಲಿ ಹತ್ತು ನಿಮಿಷಕ್ಕೆ ಉಸ್ಸಪ್ಪಾ ಎನ್ನುತ್ತದೆ. ಇನ್ನೊಂದು ಬ್ಯಾಟರಿ ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಮೂರು ವರ್ಷದ ಮೇಲೆ ಯಂತ್ರ ಗಟ್ಟಿಯಾಗಿದ್ದು ಬ್ಯಾಟರಿ ಸತ್ತರೆ, ಅಟ್ಟ ಹತ್ತುವುದು ಎರಡೂ. ಮರಿ ಇರುವ ಮನೆಯವರು, ಅಂದರೆ ಅಲ್ಲಲ್ಲಿ ಕೆರೆ ಕಟ್ಟುವ ಮರಿ, ನೀರೂ ಹೀರುವ ಡ್ರಮ್ಮಿನಂಥ ಯಂತ್ರ ತಂದುಕೊಳ್ಳಬಹುದು. ಅದು ಸೆಲ್ಲರಿಗೆ ನುಗ್ಗಿದ ಮಳೆನೀರಿಗೂ ಆಗುತ್ತದೆ.

ಮಗಳದ್ದು ಬೇರೆಯೇ ರಾಗ. "ಅಮ್ಮ, ರೋಬೋ ಕಳಿಸ್ತೀನಿ, ನೀನು ಬಗ್ಗೋದೇ ಬೇಡ." 2002ರಲ್ಲಿ ಐರೋಬೋಟ್ ಕಂಪನಿಯ ರೂಂಬಾ ಬಂದಾಗಿನಿಂದ ಈ ಚಪ್ಪಟೆ ಆಮೆಗಳು ಲೋಕದ ಮನೆಗಳಲ್ಲಿ ತಾವಾಗಿಯೇ ಓಡಾಡುತ್ತಿವೆ. ದಿನವೂ ನೆಲದ ಮೇಲಿನ ತುಪ್ಪಳ ಗುಡಿಸುವುದಕ್ಕೆ ಅವು ನಿಜಕ್ಕೂ ವಾಸಿ, ಸೋಫಾ ಹತ್ತಲಾರವು ಅಷ್ಟೆ. ನಮ್ಮಲ್ಲಿ ಮಾತ್ರ ಅದಕ್ಕೆ ಹೊಸ್ತಿಲು ಅಡ್ಡ. ನಮ್ಮ ಮನೆಯ ಹೊಸ್ತಿಲುಗಳು ನಾಲ್ಕು ಬೆರಳು ಎತ್ತರದ ಹೊನ್ನೆಮರದವು; ಅಂಥ ಯಂತ್ರಗಳಲ್ಲಿ ಹೆಚ್ಚಿನವು ಒಂದು ಬೆರಳು ದಪ್ಪ ಹತ್ತಿದರೆ ಅದೇ ಸಾಹಸ. ಕೋಣೆಗೊಂದು ರೋಬೋ ಸಾಕಬೇಕಾಗುತ್ತದೆ. ಇದಲ್ಲದೆ ಬೆಂಗಳೂರಿನಲ್ಲಿ ನಮ್ಮ ನಾದಿನಿಯ ಮಗನ ಮನೆಯಲ್ಲಿ ನಡೆದದ್ದನ್ನು ಕೇಳಿದ್ದೆವು. ರಾತ್ರಿ ಎರಡು ಗಂಟೆಗೆ ಯಂತ್ರ ಓಡುವ ಹಾಗೆ ಇಟ್ಟಿದ್ದರು. ಅದೇ ರಾತ್ರಿ ಅವರ ನಾಯಿಗೆ ಹೊಟ್ಟೆ ಕೆಟ್ಟಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಯಂತ್ರ ತನ್ನ ಕರ್ತವ್ಯವನ್ನು ಹಾಲ್, ಊಟದ ಕೋಣೆ, ಪಡಸಾಲೆ ಎಲ್ಲೆಡೆ ಸಮನಾಗಿ, ಮೂಲೆ ಮೂಲೆಗೂ ಹಂಚಿ ಸಾರಿಸಿತ್ತು. ಇದು ಅವರೊಬ್ಬರ ಮನೆಯ ಕತೆಯಲ್ಲವೆಂದು ಆಮೇಲೆ ತಿಳಿಯಿತು. 2021ರಲ್ಲಿ ಕ್ಯಾಮೆರಾ ಇಟ್ಟು ನಾಯಿಯ ಗಲೀಜನ್ನು ಗುರುತಿಸಿ ಸುತ್ತಿ ಹೋಗುವ ರೂಂಬಾ ಬಂದಾಗ, ಗುರುತಿಸದೆ ತುಳಿದರೆ ಯಂತ್ರವನ್ನೇ ಬದಲಿಸಿಕೊಡುತ್ತೇವೆ ಎಂದು ಕಂಪನಿಯವರೇ ಮಾತು ಕೊಟ್ಟರು. ಎಂಥೆಂಥ ವಿದ್ಯೆಗೆ ಎಂಥೆಂಥ ಪರೀಕ್ಷೆ!

ಈ ಎಲ್ಲದರ ಬಗ್ಗೆ ಬೆಣ್ಣೆಯ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ನಮ್ಮ ಕಿವಿಗೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ನಾಯಿಗೆ 45,000ದ ಹತ್ತಿರ, ಬೆಕ್ಕಿಗೆ ಇನ್ನೂ ಮೇಲೆ. ನಮಗೆ ಬರೀ ಗುಂಯ್ ಎನ್ನುವ ಮೋಟಾರು ಅವಕ್ಕೆ ಕಿರುಚಿದ ಹಾಗೆ ಕೇಳುತ್ತದೋ ಏನೋ. ಮೊದಲ ವಾರ ಯಂತ್ರವನ್ನು ಶುರು ಮಾಡದೆಯೇ ನಡುಮನೆಯ ಮಧ್ಯೆ ನಿಲ್ಲಿಸಿ, ಅದರ ಸುತ್ತ ಬಿಸ್ಕತ್ತು ಇಟ್ಟೆವು. ಎರಡನೆಯ ವಾರ ಪಕ್ಕದ ಕೋಣೆಯಲ್ಲಿ ಓಡಿಸಿದೆವು. ಈಗ ಬೆಣ್ಣೆ ಅದನ್ನು ಕಂಡರೆ ಎದ್ದು, ಒಂದು ಕೋಣೆ ಆಚೆ ಹೋಗಿ, ಅಲ್ಲಿ ಉದುರಿಸುತ್ತಾನೆ. ಮಸಿ ಬೀರುವಿನ ಮೇಲೆ ಕೂತು ಕೆಳಗೆ ನೋಡುತ್ತಾಳೆ. ಚಿಗಟದ ವಿಷಯದಲ್ಲಾದರೂ ಅವರಿಬ್ಬರೂ ನಮಗೆ ಋಣಿಗಳಾಗಿರಬೇಕು. ಒಹಾಯೊದ ವಿಶ್ವವಿದ್ಯಾಲಯದವರು 2007ರಲ್ಲಿ ಪರೀಕ್ಷಿಸಿ, ವ್ಯಾಕ್ಯೂಮ್ ಕ್ಲೀನರಿಗೆ ಸಿಕ್ಕಿದ ಬೆಳೆದ ಚಿಗಟಗಳಲ್ಲಿ ನೂರಕ್ಕೆ 96 ಸತ್ತವು ಎಂದು ಕಂಡುಕೊಂಡಿದ್ದರು. ಉಳಿದ ನಾಲ್ಕು ನಮ್ಮ ಮನೆಯಲ್ಲಿವೆ ಎಂದು ಯಜಮಾನರು ಕಾಲು ತುರಿಸಿಕೊಳ್ಳುತ್ತಾರೆ.

ನಿಜ ಹೇಳಬೇಕೆಂದರೆ ಮನೆಯೊಳಗಿನ ಅರ್ಧ ತುಪ್ಪಳ ತಗ್ಗಿದ್ದು ಯಂತ್ರದಿಂದಲ್ಲ, ಇನ್ನೂರೈವತ್ತು ರೂಪಾಯಿಯ ಬಾಚಣಿಗೆಯಿಂದ. ಸಂಜೆ ಜಗುಲಿಯ ಮೇಲೆ ಬೆಣ್ಣೆಯನ್ನು ಕೂರಿಸಿ ಹತ್ತು ನಿಮಿಷ ಬಾಚಿದರೆ ಒಂದು ಇಡ್ಲಿ ಪಾತ್ರೆ ತುಂಬುವಷ್ಟು ಬರುತ್ತದೆ. ಮನೆಗೆಲಸದಾಕೆ ಒದ್ದೆ ರಬ್ಬರ್ ಗ್ಲೌಸು ಹಾಕಿಕೊಂಡು ಸೋಫಾ ಸವರಿದರೆ ಇನ್ನೊಂದು ಉಂಡೆ. "ಆ ಮಿಸನ್ನು ಯಾಕ್ರಮ್ಮ, ನಾನಿಲ್ವಾ?" ಎಂದು ಅವಳು ಈಗಲೂ ಕೇಳುತ್ತಾಳೆ, ಪ್ಲಗ್ಗು ಹಾಕುತ್ತಲೇ. ಬಾಚಿದ ತುಪ್ಪಳವನ್ನು ಮೊದಲು ಯಜಮಾನರು ಕಾಂಪೌಂಡಿನ ಮೇಲೆ ಇಡುತ್ತಿದ್ದರು, ಹಕ್ಕಿಗಳು ಗೂಡಿಗೆ ಒಯ್ಯಲಿ ಎಂದು. ಚಿಗಟದ ಔಷಧಿ ಹಚ್ಚಿದ ನಾಯಿಯ ಕೂದಲು ಗೂಡಿಗೆ ಹೋದರೆ ಮರಿಗಳಿಗೆ ಕೇಡು ಎಂದು ಎಲ್ಲೋ ಓದಿದ ಮೇಲೆ ಬಿಟ್ಟರು. ಎರಡು ದಿನ ಕಾಂಪೌಂಡಿನ ಕಡೆ ನೋಡಿ ಪೆಚ್ಚಾಗಿ ಬರುತ್ತಿದ್ದರು.

ಹೋದ ಕ್ರಿಸ್‌ಮಸ್ ರಜಕ್ಕೆ ಮಗಳು ಬಂದಿದ್ದಳು, ಹದಿನೆಂಟು ದಿನ. ಬೆಣ್ಣೆಯನ್ನು ಕರೆದುಕೊಂಡು ಹೋಗುವ ಮಾತು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹದಿನೆಂಟು ದಿನವೂ ಇಬ್ಬರೂ ಸೋಫಾದ ಮೇಲೇ ಬಿದ್ದುಕೊಂಡಿದ್ದರು. ನನ್ನ ಯಂತ್ರವನ್ನು ನೋಡಿ, "ಪರವಾಗಿಲ್ವೇ ಅಮ್ಮ, ಮೂತಿ ಚೆನ್ನಾಗಿದೆ" ಎಂದಳು. ವಿಮಾನ ಹತ್ತಿಸಿ ಬಂದ ಮೇಲೆ ಒಂದು ವಾರ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ, ನಾಯಿ ಗೇಟಿನ ಹತ್ತಿರ ಮಲಗುತ್ತಿತ್ತು.

ಫೆಬ್ರವರಿಯ ಮೊದಲ ಭಾನುವಾರ ಯಜಮಾನರು ಎಂದಿನಂತೆ ಪತ್ರಿಕೆ ಹಾಸಿ ಉರುಳೆ ಬಿಚ್ಚಿದರು. ಕತ್ತರಿ ಹಾಕುವ ಸದ್ದು ಬರಲಿಲ್ಲ. ಅಡುಗೆಮನೆಯಿಂದ ಇಣುಕಿ ನೋಡಿದೆ. ಉರುಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡು ಕೂತಿದ್ದರು. ಉದ್ದಕ್ಕೆ, ಅಚ್ಚುಕಟ್ಟಾಗಿ ಸುತ್ತಿಕೊಂಡ ಕೂದಲು, ತುದಿಯಲ್ಲಿ ಅವಳು ಅಲ್ಲಿ ಹಚ್ಚಿಸಿಕೊಂಡು ಬಂದಿದ್ದ ತಾಮ್ರದ ಬಣ್ಣ.

"ಇದು ಬೆಣ್ಣೇದೂ ಅಲ್ಲ, ನಿಂದೂ ಅಲ್ಲ ಕಣೇ" ಎಂದರು.

"ಗೊತ್ತು. ಕತ್ತರಿಸಿ, ಇಲ್ದಿದ್ರೆ ತಿರುಗಲ್ಲ" ಎಂದೆ.

"ನಾಳೆ ಮಾಡಿದರಾಯ್ತು" ಎಂದು ಉರುಳೆಯನ್ನು ಹಾಗೇ ಪತ್ರಿಕೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು. ಮಸಿ ಅದನ್ನು ಒಮ್ಮೆ ಮೂಸಿ ನೋಡಿ, ಸ್ವಲ್ಪ ಪಕ್ಕಕ್ಕೆ ಸರಿದು ಕೂತಳು. ಆ ಸೋಮವಾರ ಮನೆ ಗುಡಿಸಿದ್ದು ಪೊರಕೆಯಲ್ಲಿ.